ಅಮೇರಿಕದಯ್ಯನ ಪಟದ ಕೆಳಗೆ ಕೂತ ವಕೀಲರು

ಕನಕಪುರದ ಕೋರ್ಟಿನ ಹಿಂದಿನ ಬೀದಿಯಲ್ಲಿ ಒಂದು ಶಟರ್ ಕೋಣೆ. ಒಳಗೆ ಒಂದು ಮೇಜು, ಎರಡು ಬೆಂಚು, ಗೋಡೆಯ ಮೇಲೆ ಒಂದು ಪಟ. ಪಟದಲ್ಲಿ ತಲೆ ಬಾಚದ, ಕರಿ ಕೋಟು ತೊಟ್ಟ, ತುಟಿ ಬಿಗಿಹಿಡಿದ ಒಬ್ಬ ಬಿಳಿ ಮನುಷ್ಯ. ಆ ಕೋಣೆಗೆ ಬಂದ ಹಳ್ಳಿಯವರು ಮೊದಲು ಪಟಕ್ಕೆ ಕೈ ಮುಗಿಯುತ್ತಿದ್ದರು, ಆಮೇಲೆ ಅದರ ಕೆಳಗೆ ಕೂತ ವಕೀಲರಿಗೆ.

“ನಿಮ್ ತಾತನಾ ಸ್ವಾಮಿ?”

“ತಾತನಲ್ಲ ಕಣಪ್ಪ. ಅಮೇರಿಕದೋನು. ನನ್ನಂಗೇ ತಾಲ್ಲೂಕು ಲಾಯರ್ರು. ಸತ್ತು ನೂರು ವರ್ಸದ ಮೇಲಾಯ್ತು.”

“ಸತ್ತೋರ್ ಪಟಕ್ಕೆ ಹೂವ ಹಾಕ್ದೆ ಹಂಗೇ ಮಡಗಿದೀರಲ್ಲ, ತೆಪ್ಪಲ್ವಾ?”

ಹಾಗೆ ಕೇಳಿದವನೇ ಮುಂದಿನ ವಾಯಿದೆಗೆ ಬರುವಾಗ ಎರಡು ಮೊಳ ಕನಕಾಂಬರ ತಂದು ಪಟಕ್ಕೆ ಹಾಕಿಬಿಟ್ಟ. ವಕೀಲರು ಬೇಡ ಅನ್ನಲಿಲ್ಲ. ಹೂವು ಒಣಗಿದರೆ ಇನ್ನೊಬ್ಬ ಕಕ್ಷಿದಾರ ತರುತ್ತಿದ್ದ. ಆ ಮನುಷ್ಯನ ನಿಜವಾದ ಹೆಸರು ಹೇಳಲು ನಮ್ಮ ಕಡೆಯವರ ನಾಲಗೆ ಹೊರಳುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಅಮೇರಿಕದಯ್ಯ ಆದ.

ಅಯ್ಯ ಕನಕಪುರಕ್ಕೆ ಬಂದದ್ದು ಚನ್ನಪಟ್ಟಣದ ದಾರಿಯಾಗಿ. ಅಲ್ಲಿ ಬೊಂಬೆ ಮಾಡುವ ಒಬ್ಬ ಸಾಬರು ವಕೀಲರ ಹಳೆಯ ಕಕ್ಷಿದಾರರು. ಬೊಂಬೆ ಸುತ್ತಿ ಕಳಿಸಲು ತಂದ ರದ್ದಿಯಲ್ಲಿ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಸಿಕ್ಕಿತಂತೆ. ಮೊದಲ ಹಾಳೆಯಲ್ಲಿ ಕರಿ ಕೋಟು ಕಂಡು, “ಇದು ನಮ್ಮ ವಕೀಲ್ ಸಾಹೇಬರ ಜಾತಿ” ಎಂದು ಎತ್ತಿಟ್ಟು ತಂದುಕೊಟ್ಟರಂತೆ. ಆ ಹೊತ್ತಿಗೆ ಪುಸ್ತಕದ ಕೊನೆಯ ಹಾಳೆಗಳು ಬೊಂಬೆ ಸುತ್ತಿಕೊಂಡು ಹೋಗಿಯಾಗಿತ್ತು. ವಕೀಲರು ಉಳಿದದ್ದನ್ನು ನಿಘಂಟು ಇಟ್ಟುಕೊಂಡು ಓದಿದರು. ಒಂದು ಸಲವಲ್ಲ, ಅನೇಕ ಸಲ. ಮೊದಲ ಹಾಳೆಯನ್ನು ಕತ್ತರಿಸಿ ಕಟ್ಟು ಹಾಕಿಸಿದರು.

“ಅಯ್ಯ ಒಕ್ಕಲಮಕ್ಳ ಮನೆಯೋನೇ ಕಣವ್ವ,” ಎಂದು ನನಗೆ ಹೇಳುತ್ತಿದ್ದರು. “ಯಾರದೋ ಆಫೀಸ್ನಲ್ಲಿ ಕೂತು ಬುಕ್ ಓದಿ ಲಾಯರ್ ಆದ. ಕುದುರೆ ಮೇಲೆ ಈ ಕೋರ್ಟಿಂದ ಆ ಕೋರ್ಟಿಗೆ ಓಡಾಡ್ದ. ನಂಗೆ ಕುದುರೆ ಇಲ್ಲ, ಕೆಂಪು ಬಸ್ಸು. ಎಲೆಕ್ಷನ್ನಿಗೆ ನಿಂತು ಗೆದ್ದ. ಅಸೆಂಬ್ಲಿನಲ್ಲಿ ತನ್ನ ಕಡೆಯೋರ್ಗೇ ಬ್ಯಾಡವಾದ್ದಕ್ಕೆ ಕೈ ಎತ್ತಿ ಕೆಟ್ಟೋನಾದ. ವಾಪಸ್ ಬಂದು ಅದೇ ಊರ್ನಲ್ಲಿ ಬೋರ್ಡ್ ಹಾಕ್ದ. ಅಲ್ಲಿಗೆ ಹಾಳೆ ಮುಗೀತು. ಮುಂದೆ ಗೆದ್ನೋ ಸೋತ್ನೋ, ಬೊಂಬೆಗೇ ಗೊತ್ತು.”

“ಫೋನಿನಲ್ಲಿ ಹುಡುಕಿದರೆ ಒಂದು ನಿಮಿಷದಲ್ಲಿ ಸಿಗುತ್ತದೆ ಸಾರ್, ನೋಡಲಾ?”

“ಬ್ಯಾಡ ಬ್ಯಾಡ. ಗೆದ್ದ ಅಂತ ಗೊತ್ತಾದ್ರೆ ನಂಗೆ ಆಸೆ ಹುಟ್ತದೆ. ಸೋತ ಅಂತ ಗೊತ್ತಾದ್ರೆ ಭಯ ಹುಟ್ತದೆ. ಎರಡೂ ಇಲ್ದೆ ಇದ್ರೆ ನೆಟ್ಟಗೆ ನಡೀಬೌದು.”

ನಾನು ಆ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವಳು. ಸಾಕ್ಷಿಗಳು ಆಡುವ ಮಾತು ಒಂದು, ಕಡತಕ್ಕೆ ಹೋಗುವ ಮಾತು ಇನ್ನೊಂದು. ಸಾಕ್ಷಿ “ಬತ್ತೀನಿ” ಅಂದರೆ ಕಡತದಲ್ಲಿ “ಬರುತ್ತೇನೆ”. “ಒಸಿ” ಅಂದರೆ “ಸ್ವಲ್ಪ”. ನ್ಯಾಯಾಧೀಶರು ಹೇಳಿ ಬರೆಸುತ್ತಾರೆ, ನಾವು ಕಂಪ್ಯೂಟರಿನಲ್ಲಿ ಕುಟ್ಟುತ್ತೇವೆ, ಕೊನೆಗೆ ಓದಿ ಹೇಳಿ ಸಾಕ್ಷಿಯ ಸಹಿಯೋ ಹೆಬ್ಬೆಟ್ಟೋ ತೆಗೆದುಕೊಳ್ಳುತ್ತೇವೆ. ಹೆಬ್ಬೆಟ್ಟು ಬಿದ್ದ ಮೇಲೆ ಆ ಮಾತು ಕಲ್ಲಿನ ಮೇಲೆ ಕೆತ್ತಿದ ಹಾಗೆ. ನಾನು ಮಾತು ಕಲಿತದ್ದು ಕೋಡಿಹಳ್ಳಿ ಕಡೆಯ ನನ್ನ ಅಜ್ಜಿಯ ಸೆರಗು ಹಿಡಿದುಕೊಂಡು. ಆದರೆ ಸರ್ಕಾರಿ ಕುರ್ಚಿಯಲ್ಲಿ ಕೂತ ಮೇಲೆ ಆ ಮಾತನ್ನು ತಿದ್ದಿ ತೀಡಿ ಬರೆಯುವುದೇ ನನ್ನ ಹೆಚ್ಚುಗಾರಿಕೆ ಎಂದುಕೊಂಡಿದ್ದೆ.

ವಕೀಲರನ್ನು ನಾನು ಬೆರಗಿನಿಂದ ನೋಡುತ್ತಿದ್ದೆ. ಅವರಿಗೆ ಕಕ್ಷಿದಾರರ ಮುಖ ಮರೆತರೂ ಹೊಲದ ಗಡಿಯ ಮರ ಮರೆಯುತ್ತಿರಲಿಲ್ಲ. “ಯಾರಪ್ಪ ನೀನು?” ಎಂದು ಕೇಳಿ, ಸರ್ವೆ ನಂಬರು ಹೇಳಿದ ಕೂಡಲೇ, “ಓ, ಮೂಡ್ಲ ಬದೀನಲ್ಲಿ ಜೋಡಿ ಹೊಂಗೆಮರ ಇರೋನು! ಮರ ಇನ್ನೂ ಅವೆಯಾ, ಕಡಿದ್ರಾ?” ಎನ್ನುತ್ತಿದ್ದರು. ಒಂದು ದಿನ ರಾಮನಗರದ ಕೋರ್ಟು, ಇನ್ನೊಂದು ದಿನ ಮಾಗಡಿ, ಮಗದೊಂದು ದಿನ ಚನ್ನಪಟ್ಟಣ. ಕಡತಗಳನ್ನು ಬಟ್ಟೆಚೀಲದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನ ಕಿಟಕಿಯ ಪಕ್ಕ ಕೂರುತ್ತಿದ್ದರು. ಮೊದಲನೇ ಸಲ ಎಲೆಕ್ಷನ್ನಿಗೆ ನಿಂತು ಸೋತರು. ಎರಡನೇ ಸಲ ಗೆದ್ದು ಶಾಸಕರಾದರು. ಆದ ಮೇಲೂ ಬಸ್ಸು ಬಿಡಲಿಲ್ಲ. ನಿಲ್ದಾಣ ಬಂದಾಗಲೆಲ್ಲ ಜನ ಕಿಟಕಿಯಿಂದ ಅರ್ಜಿ ತುರುಕುತ್ತಿದ್ದರು. ಕಂಡಕ್ಟರ್ ಶಿಳ್ಳೆ ಊದಲು ಕೈ ಎತ್ತಿ, ಸಾಲು ಕಂಡು ಕೈ ಇಳಿಸುತ್ತಿದ್ದ.

ನಾನು ಹೇಳಹೊರಟದ್ದು ಅವರ ಅಧಿಕಾರದ ಕೊನೆಯ ವರ್ಷದ ಕಥೆ. ಮುಂದಿನ ಎಲೆಕ್ಷನ್ ಹತ್ತಿರ ಬಂದಿತ್ತು.

ಸಾತನೂರು ಕಡೆಯ ಒಬ್ಬ ಮುದುಕಿ. ಗಂಡ ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಅವಳಿಗಿದ್ದದ್ದು ಎರಡು ಎಕರೆ ಮಳೆಯಾಶ್ರಯದ ಹೊಲ, ಒಂದು ಎಮ್ಮೆ. ಅಣ್ಣತಮ್ಮಂದಿರು ಹಿಂದೆ ಬಾಯಿಮಾತಲ್ಲೇ ಪಾಲು ಮಾಡಿಕೊಂಡ ಹೊಲ ಅದು. ಅವಳ ಮೈದುನ, ಅಂದರೆ ಗಂಡನ ತಮ್ಮ, “ನಮ್ಮತ್ತಿಗೆ ಆ ಹೊಲವನ್ನು ನನಗೇ ಬಿಟ್ಟುಕೊಟ್ಟಿದ್ದಾಳೆ” ಎಂದು ದಾವೆ ಹಾಕಿದ್ದ. ಕಾಗದ ಇರಲಿಲ್ಲ. ಅವಳ ಬಾಯಿಂದಲೇ ಆ ಮಾತು ಹೊರಟರೆ ಅವನ ದಾವೆಗೆ ಆನೆಬಲ. ಹೊರಡದಿದ್ದರೆ ಏನೂ ಇಲ್ಲ.

ಈ ಮೈದುನ ಸಾಮಾನ್ಯದವನಲ್ಲ. ಆ ಸುತ್ತಿನ ಹಳ್ಳಿಗಳಲ್ಲಿ ವಕೀಲರ ಪರವಾಗಿ ವೋಟು ತಂದವನೇ ಅವನು. ಪೆಂಡಾಲ್ ಹಾಕಿಸುವವನು, ಜನ ಕರೆತರುವವನು. ದಾವೆ ಹಾಕುವ ಮೊದಲು ವಕೀಲರ ಕೋಣೆಗೇ ಬಂದಿದ್ದನಂತೆ.

“ಅಣ್ಣೋ, ನನ್ ಕೇಸು ನೀವೇ ಹಿಡೀಬೇಕು.”

“ನಿಮ್ಮತ್ತಿಗೆ ಮೊದ್ಲೇ ಬಂದು ಕೂತು ಹೋದ್ಳಲ್ಲಪ್ಪ. ಅವಳ್ಗೆ ಮಾತು ಕೊಟ್ಟಾಗದೆ.”

“ಅವಳ್ದು ಒಂದು ವೋಟು ಅಣ್ಣ. ನಂದು ನಾಕು ಹಳ್ಳಿ.”

“ಕೋರ್ಟ್ನಲ್ಲಿ ಎಲ್ರಿಗೂ ಒಂದೊಂದೇ ಕಣ್ಲಾ.”

ಇದನ್ನು ಅಲ್ಲಿ ಬೆಂಚಿನ ಮೇಲಿದ್ದವರು ಊರೆಲ್ಲ ಹೇಳಿಕೊಂಡು ಬಂದರು. ಹಾಗಾಗಿ ಮುದುಕಿಯ ಸಾಕ್ಷಿಯ ದಿನ ಕೋರ್ಟ್ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ.

ಆಗ ನಮ್ಮ ನ್ಯಾಯಾಧೀಶರು ಧಾರವಾಡದ ಕಡೆಯವರು. ಬಂದು ಹೆಚ್ಚು ದಿನ ಆಗಿರಲಿಲ್ಲ. ನಮ್ಮ ಕಡೆಯ ಮಾತು ಅವರಿಗೆ ಅರ್ಧ ಹಿಡಿಯುತ್ತಿತ್ತು, ಅರ್ಧ ಜಾರುತ್ತಿತ್ತು. ಜಾರಿದ್ದನ್ನು ಹಿಡಿದುಕೊಡುವವಳು ನಾನು. “ಅಂದ್ರ ಏನವಾ?” ಎಂದು ನನ್ನ ಕಡೆ ತಿರುಗುತ್ತಿದ್ದರು, ನಾನು ಬರೆಯುವ ಕನ್ನಡದಲ್ಲಿ ಹೇಳುತ್ತಿದ್ದೆ. ಹಾಲಿನ ತುಂಬ ಗಂಡಸರಿದ್ದರೂ ಸಾಹೇಬರು ನನ್ನನ್ನೇ ಕೇಳುತ್ತಾರಲ್ಲ ಎಂದು ನನಗೆ ಒಳಗೊಳಗೇ ಹಿಗ್ಗು.

ಮುದುಕಿ ಕಟಕಟೆಯಲ್ಲಿ ನಿಂತಳು. ಮೈದುನನ ಪರ ವಕೀಲರು ಪಾಟೀಸವಾಲು ಶುರು ಮಾಡಿದರು. ಗಂಡನ ಹೆಸರು, ಪಾಲಾದ ಕಾಲ, ಬೆಳೆದ ಬೆಳೆ. ಎಲ್ಲದಕ್ಕೂ ನೆಟ್ಟಗೆ ಹೇಳಿದಳು. ಆಮೇಲೆ ಅವರು ದನಿ ತಗ್ಗಿಸಿ, ಅನುಕಂಪದಿಂದೆಂಬಂತೆ ಕೇಳಿದರು.

“ಯಜಮಾನರು ತೀರ್ಕೊಂಡ ವರ್ಷ ಆ ಹೊಲ ಏನ್ ಮಾಡಿದ್ರಮ್ಮಾ?”

“ಏನ್ ಮಾಡ್ಲಿ ಸ್ವಾಮಿ? ಬುಟ್ಬುಟ್ಟೆ.”

“ಆಮೇಲೆ ನಿಮ್ಮ ಮೈದುನ ಅದನ್ನ ಉಳುಮೆ ಮಾಡಿದ್ರಾ?”

“ಉತ್ತ.”

ಪ್ರಶ್ನೆ ಕೇಳಿದವರ ಮುಖ ಅರಳಿತು. ಸಾಹೇಬರು ನನ್ನ ಕಡೆ ತಿರುಗಿದರು. “ಏನಂದ್ರವಾ ಆಕಿ? ಬುಟ್… ಅಂದ್ರ?”

ನಾನು ಯೋಚಿಸಲಿಲ್ಲ. ಬುಟ್ಟೆ ಅಂದರೆ ಬಿಟ್ಟೆ. ಬುಟ್ಬುಟ್ಟೆ ಅಂದರೆ ಪೂರ್ತಿ ಬಿಟ್ಟೆ. ಕಡತಕ್ಕೆ ಒಪ್ಪುವ ಹಾಗೆ ಹೇಳಬೇಕಲ್ಲ? “ಬಿಟ್ಟುಕೊಟ್ಟೆ ಅಂತ ಸಾರ್,” ಎಂದೆ. ಅವರು ಹೇಳಿದರು, ನಾನು ಕುಟ್ಟಿದೆ. “ನನ್ನ ಗಂಡ ತೀರಿಕೊಂಡ ವರ್ಷ ನಾನು ಸದರಿ ಜಮೀನನ್ನು ಬಿಟ್ಟುಕೊಟ್ಟೆ. ನಂತರ ವಾದಿಯು ಅದನ್ನು ಉಳುಮೆ ಮಾಡಿದರು.” ಚಂದದ ಕನ್ನಡ. ಒಂದೂ ಅಕ್ಷರದೋಷ ಇರಲಿಲ್ಲ.

ಹೇಳಿಕೆಯನ್ನು ಓದಿ ಹೇಳಿದಾಗ ಮುದುಕಿ ಪ್ರತಿ ಸಾಲಿಗೂ “ಊಂ ಸ್ವಾಮಿ, ಊಂ ಸ್ವಾಮಿ” ಅನ್ನುತ್ತಿದ್ದಳು. ಆ ಸಾಲಿಗೂ “ಊಂ” ಅಂದಳು. ಇಂಕಿನ ಡಬ್ಬಿಯ ಮೇಲೆ ಹೆಬ್ಬೆಟ್ಟು ಒತ್ತಿದ್ದಳು, ಇನ್ನೇನು ಕಾಗದಕ್ಕೆ ಒತ್ತಬೇಕು, ನಮ್ಮ ವಕೀಲರು ಎದ್ದರು.

“ಸ್ವಾಮಿ, ಒಂದು ಕ್ಷಣ. ಸಾಕ್ಷಿಯ ಬೆರಳು ಹಾಗೇ ಇರಲಿ. ಅವರು ಹೇಳಿದ ಮಾತು ಬೇರೆ, ಬರೆದಿರುವ ಮಾತು ಬೇರೆ. ತಪ್ಪು ನನ್ನದು, ಆಗಲೇ ಎದ್ದು ನಿಲ್ಲಬೇಕಿತ್ತು. ಮರುವಿಚಾರಣೆಗೆ ಅವಕಾಶ ಕೊಡಬೇಕು.”

ಎದುರು ವಕೀಲರು ಸಿಡಿದೆದ್ದರು. ಓದಿ ಹೇಳಿ ಒಪ್ಪಿಯಾಗಿದೆ, ಈಗ ಪಾಠ ಹೇಳಿಕೊಡುತ್ತಿದ್ದಾರೆ ಎಂದರು. ಸಾಹೇಬರು ಗಡಿಯಾರ ನೋಡಿದರು. “ಊಟ ಆದ ಮ್ಯಾಲೆ ನೋಡೂಣು. ಅಲ್ಲೀತನ ಸಾಕ್ಷಿ ಯಾರ ಕೂಡಾನೂ ಮಾತಾಡಬಾರ್ದು. ಇಲ್ಲೇ ಕುಂದ್ರಲಿ.” ಮುದುಕಿ ನೀಲಿ ಹೆಬ್ಬೆಟ್ಟನ್ನು ಎಲ್ಲಿಗೂ ತಾಗಿಸದೆ, ದೀಪ ಹಿಡಿದವಳ ಹಾಗೆ ಮೇಲಕ್ಕೆ ಹಿಡಿದುಕೊಂಡು ಹಾಲಿನ ಬೆಂಚಿನ ಮೇಲೆ ಕೂತಳು. ನಾನು ಕುಟ್ಟಿದ ಸಾಲನ್ನು ಇನ್ನೊಮ್ಮೆ ಓದಿದೆ. ತಪ್ಪು ಎಲ್ಲಿದೆ ಎಂದು ಇನ್ನೂ ಗೊತ್ತಾಗಿರಲಿಲ್ಲ.

ಹೊರಗೆ ಟೀ ಅಂಗಡಿಯ ಹತ್ತಿರ ಮೈದುನ ನನ್ನ ಎದುರಿಗೆ ಬಂದು ನಿಂತ.

“ಏನಮ್ಮಾ ಟೈಪಿಸ್ಟಮ್ಮಾ, ಚೆನ್ನಾಗಿ ಬರ್ದೆ ಬುಡು. ಟೈಪ್ ಮಾಡಿದ್ದು ಮಾಡಿದ್ದೇ. ಅಳ್ಸಿ ಬರಿಯಾಕೆ ಇದೇನ್ ಇಸ್ಕೂಲ್ ಸ್ಲೇಟಾ?”

ಅವನ ಹಿಂದಿದ್ದವರು ನಕ್ಕರು. “ಸಾಹೇಬ್ರಿಗೇ ಮಾತು ಹೇಳ್ಕೊಡೋ ಅಮ್ಮ ಕಣ್ಲಾ, ತೆಪ್ಪು ಮಾಡ್ತಾರಾ?” ಎಂದ ಇನ್ನೊಬ್ಬ.

“ಚೆನ್ನಾಗಿ ಬರ್ದೆ ಬುಡು.” ಆ “ಬುಡು” ನನ್ನ ಕಿವಿಯಲ್ಲಿ ನಿಂತುಬಿಟ್ಟಿತು. ನನ್ನ ಅಜ್ಜಿಯ ಸಂಸಾರವೆಲ್ಲ ಆ ಒಂದು ಮಾತಿನ ಮೇಲೆ ನಡೆಯುತ್ತಿತ್ತು. ಕರು ಬುಡು, ನೀರು ಬುಡು, ದಾರಿ ಬುಡು, ಹೋಗ್ಲಿ ಬುಡು. ಒಂದು ವರ್ಷ ಎತ್ತು ಸತ್ತು ಉಳಲು ಆಗದಿದ್ದಾಗ ಯಾರೋ ಕೇಳಿದ್ದಕ್ಕೆ ಅಜ್ಜಿ ಹೇಳಿದ್ದು ನೆನಪಾಯಿತು. “ಮೇಗಲ್ ಹೊಲ ಈ ವರ್ಸ ಬುಟ್ಬುಟ್ವಿ ಕಣವ್ವ.” ಬೀಳು ಬಿಟ್ಟೆವು ಎಂದು. ಯಾರಿಗೂ ಕೊಟ್ಟೆವು ಎಂದಲ್ಲ. ಮರುವರ್ಷ ಅದೇ ಹೊಲದ ರಾಗಿಯ ಮುದ್ದೆ ತಿಂದು ಬೆಳೆದವಳು ನಾನು.

ಟೀ ಲೋಟವನ್ನು ಅಲ್ಲೇ ಬಿಟ್ಟೆ. ವಕೀಲರನ್ನು ಹುಡುಕಿದೆ. ಮರದ ಕೆಳಗಿನ ಕಲ್ಲುಚಪ್ಪಡಿಯ ಮೇಲೆ ನನ್ನ ಕಡೆ ಬೆನ್ನು ಮಾಡಿ ಕೂತು ಬುತ್ತಿ ತಿನ್ನುತ್ತಿದ್ದರು. ಒಂದು ಸಲ ತಿರುಗಿ ನೋಡಿದರೆ ಸಾಕು, ಧೈರ್ಯ ಬರುತ್ತದೆ ಎಂದು ಕಾದೆ. ದಿನಾ “ಊಟ ಆಯ್ತೇನವ್ವ” ಅನ್ನುತ್ತಿದ್ದವರು ಅವತ್ತು ನನ್ನನ್ನು ಗುರುತೇ ಇಲ್ಲದವರ ಹಾಗೆ, ಬುತ್ತಿ ಕಟ್ಟಿಕೊಂಡು, ಬೇರೆ ಬಾಗಿಲಿಂದ ಒಳಗೆ ಹೋದರು. ಸಿಟ್ಟು ಬಂದಿದೆ, ಬರಲೇಬೇಕು ಎಂದುಕೊಂಡೆ.

ಮತ್ತೆ ಕೋರ್ಟ್ ಕೂತಿತು. ಸಾಹೇಬರು ಮರುವಿಚಾರಣೆಗೆ ಒಪ್ಪಿದರು. ವಕೀಲರು ಕಟಕಟೆಯ ಹತ್ತಿರ ಹೋಗಲಿಲ್ಲ. ನಿಂತಲ್ಲಿಂದಲೇ, ಕೋರ್ಟಿನ ಕನ್ನಡ ಬದಿಗಿಟ್ಟು, ಜಗಲಿಯ ಮೇಲೆ ಮಾತಾಡುವ ಹಾಗೆ ಕೇಳಿದರು.

“ಯವ್ವಾ, ಹೊಲ ಬುಟ್ಬುಟ್ಟೆ ಅಂದ್ಯಲ್ಲ. ಹಂಗಂದ್ರೇನು, ಒಸಿ ಬುಡಿಸಿ ಹೇಳು.”

ಮುದುಕಿಗೆ ಆಶ್ಚರ್ಯ. ಇಷ್ಟು ಓದಿದವರಿಗೆ ಇದೂ ಗೊತ್ತಿಲ್ಲವಾ ಎಂಬಂತೆ ಎಲ್ಲರ ಮುಖ ನೋಡಿದಳು.

“ಬುಟ್ಟೆ ಅಂದ್ರೆ ಬುಟ್ಟೆ ಕಣಪ್ಪ. ಬೀಳು ಬುಟ್ಟೆ. ಗಂಡ ಸತ್ತ ವರ್ಸ, ಕೈಯಾಗೆ ಎತ್ತಿರ್ನಿಲ್ಲ, ಮೈಯಾಗೆ ಕಸುವಿರ್ನಿಲ್ಲ. ಭೂಮ್ತಾಯಿನೂ ಒಸಿ ಸುಧಾರ್ಸ್ಕೊಳ್ಳಿ ಅಂತ ಬುಟ್ಟೆ. ಇವ್ನು ಬಂದು ಉತ್ಬುಟ್ಟ.”

“ನಿಮ್ ಮೈದುನಂಗೆ ಕೊಟ್ಟೆ ಅಂತಾರಲ್ಲ ಇವ್ರು?”

ಮುದುಕಿಯ ನೀಲಿ ಹೆಬ್ಬೆಟ್ಟು ಗಾಳಿಯಲ್ಲಿ ಎದ್ದಿತು. “ದಿನಾ ಹೊತ್ತಾರೆ ಎಮ್ಮೆ ಬುಡ್ತೀನಿ ಕಣಪ್ಪ ಮೇಯಾಕೆ. ಬುಟ್ಟೆ ಅಂತ ಎಮ್ಮೆ ಊರೋರ್ದಾಯ್ತದಾ? ಸಾಯಂಕಾಲ ನಾನ್ ಕಟ್ಕಳಲ್ವಾ?”

ಹಾಲಿನಲ್ಲಿ ನಗು ಸ್ಫೋಟಿಸಿತು. ಕೂಗಿ ಕರೆಯುವ ಡವಾಲಿ ಜವಾನನೂ ನಕ್ಕು, ಆಮೇಲೆ “ಸೈಲೆನ್ಸ್” ಎಂದ. ಎದುರು ವಕೀಲರು ಮಾತ್ರ ನಗಲಿಲ್ಲ. ಬೆಳಿಗ್ಗೆ ಹೇಳಿದ್ದೊಂದು, ಈಗ ಹೇಳುವುದೊಂದು, ಊಟದ ಹೊತ್ತಿನಲ್ಲಿ ಹುಟ್ಟಿದ ಅರ್ಥ ಇದು ಎಂದು ವಾದಿಸಿದರು. ಸಾಹೇಬರು ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು.

“ಏನವಾ, ಬಿಟ್ಟುಕೊಟ್ಟೆ ಅಂತ ಹೇಳಿದಾಕಿ ನೀ. ನಿಮ್ಮ ಕಡೆ ಮಾತು ಇದು. ಊಟದಾಗ ನಿಂಗ್ಯಾರರೆ ಏನರೆ ಹೇಳ್ಯಾರೇನು?”

“ಒಬ್ಬರು ಹೇಳಿದರು ಸಾರ್. ಟೈಪ್ ಮಾಡಿದ್ದನ್ನು ಅಳಿಸೋಕೆ ಆಗಲ್ಲ ಅಂತ.”

“ಯಾರು, ಈ ವಕೀಲ್ರೇನು?”

“ಇಲ್ಲ ಸಾರ್. ಅವರು ನನ್ನ ಮುಖವನ್ನೂ ನೋಡಲಿಲ್ಲ.” ಹೇಳುವಾಗಲೇ ನನಗೆ ಅರ್ಥವಾಯಿತು, ಅವರು ಬೆನ್ನು ಮಾಡಿ ಕೂತದ್ದು ಯಾಕೆ ಎಂದು. ಎದ್ದು ನಿಂತು ಹೇಳಿದೆ. “ತಪ್ಪು ನನ್ನದು ಸಾರ್. ನಮ್ಮ ಕಡೆ ಹೊಲ ಬುಟ್ಟೆ ಅಂದರೆ ಬೀಳು ಬಿಟ್ಟೆ ಅಂತ. ನಮ್ಮಜ್ಜಿಯೂ ಹಾಗೇ ಅನ್ನುತ್ತಿದ್ದರು. ನಾನು ಚೆನ್ನಾಗಿ ಕಾಣಲಿ ಅಂತ ‘ಕೊಟ್ಟೆ’ ಸೇರಿಸಿದೆ. ಆಯಮ್ಮ ‘ಕೊಟ್ಟೆ’ ಅನ್ನಲೇ ಇಲ್ಲ.”

ಹಿಂದಿನ ಸಾಲಿನಲ್ಲಿ ಮೈದುನ ಎದ್ದು ನಿಂತದ್ದು ಕಂಡಿತು. ಸಾಹೇಬರು ಕೆಳಗಿಟ್ಟ ಪೆನ್ನು ಎತ್ತಿಕೊಂಡರು. ಆಮೇಲೆ, “ಇನ್ನ ಮ್ಯಾಲೆ ಆಕಿ ಅಂದದ್ದ ಬರೀರಿ, ಅಂದಂಗ,” ಎಂದರು. ಕಡತದಲ್ಲಿ ಮೊದಲ ಸಲ ನಾನು ತಿದ್ದದೆ ಕುಟ್ಟಿದ ಮಾತು ಅದು. ಬುಟ್ಬುಟ್ಟೆ. ಪಕ್ಕದಲ್ಲಿ ಅದರ ಅರ್ಥ. ಮುದುಕಿಯ ಹೆಬ್ಬೆಟ್ಟಿನ ಇಂಕು ಒಣಗಿಹೋಗಿತ್ತು, ಇನ್ನೊಮ್ಮೆ ಹಚ್ಚಬೇಕಾಯಿತು.

ಸಂಜೆ ಬಸ್‌ ಸ್ಟ್ಯಾಂಡಿನಲ್ಲಿ ವಕೀಲರು ಸಿಕ್ಕರು. ಏನೂ ಆಗದವರ ಹಾಗೆ “ಊಟ ಆಯ್ತೇನವ್ವ ಮಧ್ಯಾಹ್ನ?” ಎಂದರು.

“ನೀವು ತಿರುಗಿ ನೋಡಲೇ ಇಲ್ಲ ಸಾರ್.”

“ನೋಡಿದ್ರೆ, ನೀನು ನಿಜ ಹೇಳಿದ್ರೂ ನಾನು ಹೇಳ್ಸಿದಂಗೆ ಆಗ್ತಿತ್ತು ತಾಯೀ. ನಿನ್ ಮಾತು ನಿಂದಾಗೇ ಇರ್ಲಿ ಅಂತ ಬುಟ್ಟೆ.” ಒಂದು ಹೆಜ್ಜೆ ಹೋದವರು ನಿಂತರು. “ಕುಂಡೆ ಕಲ್ಲಿನ ಮೇಲಿತ್ತೇ ಹೊರತು ಜೀವ ಎಲ್ಲಿತ್ತೋ. ಮುದ್ದೆ ಉಪ್ಪಿತ್ತೋ ಸಪ್ಪೆಯೋ ಗೊತ್ತಾಗ್ನಿಲ್ಲ.”

ಆ ಮನುಷ್ಯನಿಗೆ ಅಂದು ನಾಲ್ಕು ಹಳ್ಳಿಯ ವೋಟು ಕೈತಪ್ಪಿತ್ತು. ಮುದುಕಿಯ ಹೊಲ ನನ್ನ ನಾಲಗೆಯ ತುದಿಯಲ್ಲಿತ್ತು. ಒಂದು ಕಣ್ಣಸನ್ನೆ ಮಾಡಿದ್ದರೂ ಕೆಲಸ ಆಗುತ್ತಿತ್ತು. ಮಾಡಲಿಲ್ಲ. ಮನೆಗೆ ಹೋದ ಮೇಲೂ ಬಹಳ ಹೊತ್ತು ನಾನು ಆ ಬೆನ್ನನ್ನೇ ನೆನೆಯುತ್ತಿದ್ದೆ. ಬೆನ್ನು ತಿರುಗಿಸಿಯೂ ಒಬ್ಬರು ಇನ್ನೊಬ್ಬರ ಮೇಲೆ ನಂಬಿಕೆ ಇಡಬಹುದು ಎಂದು ನನಗೆ ಅದುವರೆಗೆ ಗೊತ್ತಿರಲಿಲ್ಲ.

ತೀರ್ಪು ಮುದುಕಿಯ ಕಡೆ ಆಯಿತು. ಅದಾಗಿ ಕೆಲವೇ ವಾರಕ್ಕೆ ಎಲೆಕ್ಷನ್. ಮೈದುನ ಪೆಂಡಾಲ್ ಹಾಕಿಸಿದ, ಆದರೆ ಬೇರೆಯವರಿಗೆ. ವಕೀಲರು ಸೋತರು. ಸೋತ ಮರುದಿನ ರಜೆ ಹಾಕುತ್ತಾರೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಎಂದಿನ ಬಸ್ಸಿಗೆ ಎಂದಿನ ಚೀಲ ಹಿಡಿದು ಬಂದು ಇಳಿದರು. ಟೀ ಅಂಗಡಿಯವರು ಬಾಯಿ ಸುಮ್ಮನಿಡುವವರಲ್ಲ.

“ಏನ್ ಲಾಯರಣ್ಣ, ಒಂದ್ ಎಮ್ಮೆ ಮಾತ್ಗೆ ಸೀಟೇ ಬುಟ್ಬುಟ್ರಲ್ಲ!”

ವಕೀಲರು ಲೋಟ ಕೆಳಗಿಟ್ಟು ನನ್ನ ಕಡೆ ನೋಡಿದರು. ಈ ಸಲ ನೆಟ್ಟಗೆ ನೋಡಿದರು. “ಬೀಳು ಬುಟ್ಟಿವ್ನಿ ಕಣ್ಲಾ. ಅದೂ ಒಸಿ ಸುಧಾರ್ಸ್ಕೊಳ್ಳಿ.”

ಮತ್ತೆ ಅವರು ಅದನ್ನು ಉಳಲೇ ಇಲ್ಲ. ಕೊನೆಯವರೆಗೆ ತಾಲ್ಲೂಕು ಲಾಯರ್ರಾಗಿಯೇ ಬಸ್ಸಿನಲ್ಲಿ ಓಡಾಡಿದರು. ಅಮೇರಿಕದಯ್ಯನ ಉಳಿದ ಕಥೆಯನ್ನೂ ಕೇಳಲಿಲ್ಲ. ಅವರು ಹೋದ ಮೇಲೆ ನಾನೂ ಫೋನಿನಲ್ಲಿ ಹುಡುಕಿ ನೋಡಿಲ್ಲ. ಆ ಕೋಣೆ ಈಗ ಝೆರಾಕ್ಸ್ ಅಂಗಡಿ. ಪಟ ಎಲ್ಲಿ ಹೋಯಿತೋ, ಮೊಳೆ ಇದೆ.

ಹೋದ ತಿಂಗಳು ಸಾತನೂರಿನ ಕಡೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಸುತ್ತಲ ಹೊಲಗಳಲ್ಲಿ ರಾಗಿ ಪೈರು ಎದ್ದಿತ್ತು. ನಡುವೆ ಎರಡು ಎಕರೆ ಮಾತ್ರ ಹುಲ್ಲು ಬೆಳೆದು ಸುಮ್ಮನೆ ಮಲಗಿತ್ತು, ಮೂಲೆಯಲ್ಲಿ ಒಂದು ಎಮ್ಮೆ. ಮುದುಕಿ ತೀರಿಕೊಂಡು ಅವಳ ಮಗಳು ಈಗ ಆ ಹೊಲ ನೋಡಿಕೊಳ್ಳುತ್ತಾಳೆ ಎಂದು ಕೇಳಿದ್ದೆ. ಮುಂದಿನ ಸೀಟಿನ ಹೆಂಗಸು ಪಕ್ಕದವಳಿಗೆ ಕಿಟಕಿಯಿಂದ ಬೆರಳು ತೋರಿಸಿದಳು.

“ಆ ಹೊಲ್ವ ಈ ವರ್ಸ ಯಾಕೋ ಬುಟ್ಬುಟ್ಟವ್ರೆ ಕಣಕ್ಕ.”

ಪಕ್ಕದವಳು ನೋಡಿ “ಊಂ” ಅಂದಳು. ಯಾರಿಗೆ ಕೊಟ್ಟರು ಎಂದು ಅವಳು ಕೇಳಲಿಲ್ಲ.